ನಿಧಾನದ ನೆಟ್ ಇರೋ ಮನೇಲಿ ವಾಲಂಟಿಯರ್ ಕಂಪ್ಯೂಟಿಂಗ್: ಯಾವ ಪ್ರಾಜೆಕ್ಟ್ ಹಾಕ್ಕೋಬೇಕು, ಯಾವುದನ್ನ ಸದ್ಯಕ್ಕೆ ಬಿಡ್ಬೇಕು

ನಮ್ಮನೆ ಇರೋದು ಹೆಸರಘಟ್ಟ ಮೇನ್ ರೋಡಿಂದ ಒಳಗೆ, ಹೊಸ ಲೇಔಟ್‌ನ ಕೊನೇ ಬೀದೀಲಿ. ಫೈಬರ್ ಎಳೆಯೋರು ಮೂರು ಕಂಬ ಆಚೆಗೇ ನಿಲ್ಲಿಸಿದಾರೆ, ಇನ್ನೂ ನಾಲ್ಕು ಮನೆಯೋರು ಕನೆಕ್ಷನ್ ತಗೊಂಡ್ರೆ ಈ ಕಡೆ ತರ್ತೀವಿ ಅಂತ ಹೇಳ್ತಾ ಎರಡು ವರ್ಷ ಆಯ್ತು, ಅಲ್ಲೀವರೆಗೂ ಹಳೇ ತಾಮ್ರದ ಲೈನೇ ಗತಿ. ಡೌನ್‌ಲೋಡ್ 4 ಎಂಬಿಪಿಎಸ್, ಅಪ್‌ಲೋಡ್ 512 ಕೆಬಿಪಿಎಸ್, ಮಳೆ ಬಂದ ದಿನ ಅದೂ ಡೌಟು. ಈ ಲೈನ್ ಮೇಲೆ ನಾನು ನಾಲ್ಕು ವರ್ಷದಿಂದ ಕಂಪ್ಯೂಟರ್‌ನ ಬಿಡುವಿನ ಸಮಯಾನ ವಿಜ್ಞಾನದ ಲೆಕ್ಕಗಳಿಗೆ ಕೊಡ್ತಾ ಇದೀನಿ. ನಮ್ಮ ತರ ನೆಟ್ ಇರೋರು ಎಷ್ಟೋ ಜನ "ನಮ್ ಲೈನಲ್ಲಿ ಇದೆಲ್ಲ ಆಗಲ್ಲ ಬಿಡಿ" ಅಂತ ಶುರು ಮಾಡೋಕ್ ಮುಂಚೇನೇ ಕೈ ಬಿಡ್ತಾರೆ, ಅದು ನೋಡಿದ್ರೆ ನಿಜವಾಗ್ಲೂ ಬೇಜಾರಾಗತ್ತೆ, ಯಾಕಂದ್ರೆ ಆಗತ್ತೆ, ಯಾವ ಪ್ರಾಜೆಕ್ಟ್ ಅನ್ನೋದನ್ನ ನೋಡಿ ಆರಿಸ್ಕೋಬೇಕು ಅಷ್ಟೇ.

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ದೊಡ್ಡ ಲೆಕ್ಕ ಒಂದನ್ನ ಲಕ್ಷಾಂತರ ಚೂರು ಮಾಡಿ ಪ್ರಪಂಚದಲ್ಲಿರೋ ಮನೆ ಕಂಪ್ಯೂಟರ್‌ಗಳಿಗೆ ಹಂಚ್ತಾರೆ, ನಮ್ಮ ಕಂಪ್ಯೂಟರ್ ಒಂದು ಚೂರು ಇಳಿಸ್ಕೊಂಡು, ಗಂಟೆಗಟ್ಲೆ ಲೆಕ್ಕ ಮಾಡಿ, ಉತ್ತರ ವಾಪಸ್ ಕಳಿಸತ್ತೆ. ಅಷ್ಟೇ ಕೆಲಸ. ಇದ್ರಲ್ಲಿ ನೆಟ್ ಬೇಕಾಗೋದು ಮೊದಲಲ್ಲಿ ಮತ್ತೆ ಕೊನೇಲಿ, ಮಧ್ಯದ ಅಷ್ಟೂ ಹೊತ್ತು ಸಾಮಾನ್ಯವಾಗಿ ಕೇಬಲ್ ಕಿತ್ತಿಟ್ರೂ ನಡಿಯತ್ತೆ.

ಈ ಕೆಲಸ ಜನಕ್ಕೆ ಹತ್ರ ಆಗಿದ್ದೇ ಮೋಡೆಮ್ ಕಾಲದಲ್ಲಿ ಅನ್ನೋದು ಮರೀಬಾರ್ದು. ಬರ್ಕ್ಲಿ ಯೂನಿವರ್ಸಿಟಿಯೋರು 1999ರ ಮೇ ತಿಂಗಳಲ್ಲಿ ಸೇಟಿ ಅಟ್ ಹೋಮ್ (ಬೇರೆ ಲೋಕದ ಜೀವಿಗಳ ಸಿಗ್ನಲ್ ಹುಡುಕೋ ಪ್ರಾಜೆಕ್ಟ್) ಶುರು ಮಾಡಿದಾಗ ಒಂದು ಚೂರು ಅಂದ್ರೆ ಅರೆಸಿಬೋ ರೇಡಿಯೋ ಟೆಲಿಸ್ಕೋಪ್‌ನ 107 ಸೆಕೆಂಡಿನ ಸಿಗ್ನಲ್, ಸೈಜು ಎಂಬಿಯ ಮೂರನೇ ಒಂದು ಭಾಗ ಅಷ್ಟೇ. ಟೆಲಿಫೋನ್ ಮೋಡೆಮ್‌ನಲ್ಲಿ ಒಂದು ನಿಮಿಷ ಚಿಲ್ಲರೆ ಹಿಡೀತಿತ್ತು ಇಳಿಯೋಕೆ, ಆಮೇಲೆ ಆಗಿನ ಕಂಪ್ಯೂಟರ್ ಅದನ್ನ ಇಟ್ಕೊಂಡು ಎಷ್ಟೋ ಗಂಟೆ ರುಬ್ತಿತ್ತು. ಸೇಟಿ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಹಂಚೋದನ್ನ ನಿಲ್ಲಿಸ್ತು, ಆದ್ರೆ ಅದೇ ಬರ್ಕ್ಲಿಯವರು ಮಾಡಿದ ಬೋಯಿಂಕ್ ಅನ್ನೋ ಸಾಫ್ಟ್‌ವೇರ್ ಮೇಲೆ ಈಗ ಬೇರೆ ಬೇರೆ ಪ್ರಾಜೆಕ್ಟ್‌ಗಳು ಓಡ್ತಾ ಇವೆ.

ಈಗ ಆರಿಸೋ ವಿಷ್ಯಕ್ಕೆ ಬರೋಣ. ಎಲ್ರೂ ಮೊದ್ಲು ಕೇಳೋದು "ಇದಕ್ಕೆ ಎಷ್ಟು ಸ್ಪೀಡ್ ಬೇಕು" ಅಂತ. ನಾನೂ ಹಾಗೇ ಕೇಳ್ತಿದ್ದೆ. ಈಗ ನಾನು ನೋಡೋದು ಬೇರೇನೇ: ಒಂದು ಗಂಟೆ ಲೆಕ್ಕಕ್ಕೆ ಎಷ್ಟು ಎಂಬಿ ಓಡಾಡತ್ತೆ, ಅದರಲ್ಲೂ ಹೊರಗೆ ಹೋಗೋದು ಎಷ್ಟು. ಒಂದು ಟಾಸ್ಕ್ (ಆಗ ಹೇಳಿದ ಚೂರಿಗೆ ಇಲ್ಲಿ ಹೀಗಂತಾರೆ) 1 ಎಂಬಿ ತಗೊಂಡು ಮೂರು ಗಂಟೆ ಓಡಿದ್ರೆ, ನಾಲ್ಕು ಕೋರ್‌ನಲ್ಲಿ ಇಡೀ ದಿನ ಹಾಕಿದ್ರೂ 32 ಎಂಬಿ, ಅಂದ್ರೆ ಮನೆ ಗ್ರೂಪಲ್ಲಿ ಬರೋ ಗುಡ್ ಮಾರ್ನಿಂಗ್ ವಿಡಿಯೋಗಳಷ್ಟೂ ಇಲ್ಲ. ಇನ್ನೊಂದು ಟಾಸ್ಕ್ ಗ್ರಾಫಿಕ್ಸ್ ಕಾರ್ಡಲ್ಲಿ ಎರಡೇ ಗಂಟೇಲಿ ಮುಗಿದು 100 ಎಂಬಿ ಅಪ್‌ಲೋಡ್ ಕೇಳಿದ್ರೆ ದಿನಕ್ಕೆ 1200 ಎಂಬಿ ಹೊರಗೆ ಹೋಗ್ಬೇಕು. 512 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 64 ಕೆಬಿ (ಎಂಟರಿಂದ ಭಾಗಿಸ್ಬೇಕು, ಇಲ್ಲೇ ತುಂಬಾ ಜನ ಎಡವೋದು), ಇಪ್ಪತ್ನಾಲ್ಕು ಗಂಟೆ ಬಿಡದೇ ತಳ್ಳಿದ್ರೂ ದಿನಕ್ಕೆ ಐದು ಜಿಬಿ ಚಿಲ್ಲರೆ. ಹಾಗಾಗಿ ಆ 1200 ಎಂಬಿ ಅನ್ನೋದು ನಮ್ಮ ಲೈನಿನ ಅಪ್‌ಲೋಡಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ.

ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ ಯಾಕೆ ಇಷ್ಟು ಹಿಡ್ಕೊಂಡಿದೀನಿ ಅಂದ್ರೆ, ಅದನ್ನ ಕಣ್ಣಾರೆ ನೋಡಿದೀನಿ. ಒಂದು ಸಂಜೆ ಅಕ್ಕನ ಮಗಳು ನಮ್ಮನೇಲಿ ಕೂತು ಆನ್‌ಲೈನ್ ಟೆಸ್ಟ್ ಬರೀತಿದ್ಲು, ಪ್ರಶ್ನೆ ಪುಟ ತೆರ್ಕೊಳ್ಳೋಕೆ ಸುತ್ತಾ ಇದೆ, ಸುತ್ತಾ ಇದೆ, ಬರ್ತಾನೇ ಇಲ್ಲ. "ಮಾಮ, ನೆಟ್ ಹೋಯ್ತು" ಅಂತ ಕೂಗಿದ್ಲು. ಮೋಡೆಮ್ ಲೈಟೆಲ್ಲ ಸರಿಯಾಗೇ ಇತ್ತು. ಒಳಗೆ ಹೋಗಿ ಡೆಸ್ಕ್‌ಟಾಪ್‌ನಲ್ಲಿ ಬೋಯಿಂಕ್‌ನ ಟ್ರಾನ್ಸ್‌ಫರ್ಸ್ ಟ್ಯಾಬ್ ತೆಗ್ದು ನೋಡ್ತೀನಿ, ಮೂರು ಫೈಲು ಒಟ್ಟಿಗೆ ಹೊರಗೆ ಹೋಗ್ತಾ ಇವೆ, ಒಂದೊಂದೂ ಇಪ್ಪತ್ತು ಕೆಬಿ ಸ್ಪೀಡಲ್ಲಿ, ಹದಿನೆಂಟು ಪರ್ಸೆಂಟಲ್ಲಿ ನಿಂತಿದೆ. ಡೌನ್‌ಲೋಡ್ ಪೂರ್ತಿ ಖಾಲಿ ಇದ್ರೂ ಪುಟ ಬರ್ತಿರ್ಲಿಲ್ಲ. ಕಾರಣ ಏನಂದ್ರೆ, ಏನೇ ಇಳಿಸ್ಕೊಂಡ್ರೂ "ಬಂತು, ಮುಂದಿಂದು ಕಳ್ಸು" ಅಂತ ಸಣ್ಣ ಸಣ್ಣ ಉತ್ತರ ನಮ್ಮ ಕಡೆಯಿಂದ ಹೊರಗೆ ಹೋಗ್ತಾ ಇರ್ಬೇಕು, ಅಪ್‌ಲೋಡ್ ದಾರಿ ತುಂಬಿ ಮೋಡೆಮ್‌ನಲ್ಲಿ ಕ್ಯೂ ನಿಂತ್ರೆ ಆ ಸಣ್ಣ ಉತ್ತರಗಳೂ ಅದೇ ಕ್ಯೂನಲ್ಲೇ ಸಿಕ್ಕಿ ಹಾಕ್ಕೊಳತ್ತೆ. ನೆಟ್‌ವರ್ಕ್ ಸಸ್ಪೆಂಡ್ ಒತ್ತಿದೆ, ಹತ್ತು ಸೆಕೆಂಡಲ್ಲಿ ಪುಟ ಬಂತು. ಟೆಸ್ಟಲ್ಲಿ ಆರು ನಿಮಿಷ ಹೋಗಿತ್ತು ಅವಳಿಗೆ. ಆವತ್ತೇ ಕೂತು ಅಪ್‌ಲೋಡಿಗೆ 40 ಕೆಬಿ ಮಿತಿ ಹಾಕ್ದೆ, ಆಮೇಲೆ ಪ್ರತಿ ಪ್ರಾಜೆಕ್ಟೂ ಎಷ್ಟು ಕಳಿಸತ್ತೆ ಅಂತ ಬರೆದಿಡೋಕೆ ಶುರು ಮಾಡ್ದೆ.

ಆ ಲೆಕ್ಕದಲ್ಲಿ ನಮ್ಮಂಥ ಲೈನಿಗೆ ಮೊದಲ್ನೇ ಆಯ್ಕೆ ವರ್ಲ್ಡ್ ಕಮ್ಯುನಿಟಿ ಗ್ರಿಡ್‌ನಲ್ಲಿರೋ ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್. ಈ ಗ್ರಿಡ್‌ನ 2004ರಲ್ಲಿ ಶುರು ಮಾಡಿದ್ದು ಐಬಿಎಂ, ಈಗ ನೋಡ್ಕೊಳ್ತಾ ಇರೋದು ಟೊರಾಂಟೋದ ಕ್ರೆಂಬಿಲ್ ಸಂಶೋಧನಾ ಸಂಸ್ಥೆ. ಕ್ಯಾನ್ಸರ್ ಇದೆಯೋ ಇಲ್ವೋ, ಯಾವ ಥರದ್ದು ಅಂತ ಮುಂಚೇನೇ ಸುಳಿವು ಕೊಡೋ ಜೀನುಗಳ ಗುಂಪು ಯಾವ್ಯಾವುದು ಅಂತ ಹುಡುಕೋ ಕೆಲಸ, ಶ್ವಾಸಕೋಶದ ಕ್ಯಾನ್ಸರಿಂದ ಶುರು ಮಾಡಿ, ಅಂಡಾಶಯದ್ದು, ಆಮೇಲೆ ಸಾರ್ಕೋಮಾ (ಮೂಳೆ, ಮಾಂಸಖಂಡದಂಥ ಕಡೆ ಬರೋ ಕ್ಯಾನ್ಸರ್). ಒಂದು ಟಾಸ್ಕಿಗೆ ಓಡಾಡೋದು ಒಂದು ಎಂಬಿಗಿಂತ ಕಮ್ಮಿ, ನನ್ನ ಹಳೇ ಐ5ನಲ್ಲಿ ಎರಡು ಮೂರು ಗಂಟೆ ಓಡತ್ತೆ. ಯಾಕಿಷ್ಟು ಚಿಕ್ಕದು ಅಂದ್ರೆ ರೋಗಿಗಳ ಡೇಟಾ ಒಂದ್ಸಲ ಇಳಿದ ಮೇಲೆ ಅದರ ಮೇಲೇ ಬೇರೆ ಬೇರೆ ಜೀನ್ ಜೋಡಣೆ ಹಾಕಿ ಹಾಕಿ ನೋಡೋದು, ಹೊಸದಾಗಿ ಬರೋದು ಎಲ್ಲಿಂದ ಎಲ್ಲೀವರೆಗೂ ನೋಡ್ಬೇಕು ಅನ್ನೋದಷ್ಟೇ. ನಾನು ಇದನ್ನ ಆರಿಸ್ಕೊಂಡಿದ್ದಕ್ಕೆ ಸೈಜ್ ಒಂದೇ ಕಾರಣ ಅಲ್ಲ, ನಮ್ಮ ಸೋದರತ್ತೆನ ಎಂಟು ತಿಂಗಳು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರ್ಕೊಂಡು ಓಡಾಡಿದೀನಿ, ಬೆಳಗ್ಗೆ ಆರಕ್ಕೆ ಫೈಲ್ ಹಿಡ್ಕೊಂಡು ಕೂರ್ತಿದ್ವಿ, ಆ ಬೆಂಚು ಇನ್ನೂ ಕಣ್ಮುಂದಿದೆ.

ಆದ್ರೆ ಅದೇ ಗ್ರಿಡ್‌ನಲ್ಲಿ ಆಫ್ರಿಕಾ ರೇನ್‌ಫಾಲ್ ಅಂತ ಇನ್ನೊಂದು ಪ್ರಾಜೆಕ್ಟ್ ಬಂತು 2019ರಲ್ಲಿ, ನೆದರ್ಲೆಂಡ್ಸ್‌ನ ಡೆಲ್ಫ್ಟ್ ಯೂನಿವರ್ಸಿಟಿಯವರದ್ದು, ಸಹಾರಾದ ಕೆಳಗಿನ ದೇಶಗಳ ಮಳೇನ ಒಂದೊಂದು ಕಿಲೋಮೀಟರ್ ಚೌಕದ ಲೆಕ್ಕದಲ್ಲಿ ಹಿಡಿಯೋ ಮಾದರಿ. ಮಳೆ ನಂಬಿ ಬದುಕೋ ರೈತರಿಗೆ ಬೇಕಾದ ಕೆಲಸ, ನನಗೆ ತುಂಬಾ ಇಷ್ಟ, ಆದ್ರೆ ಫೈಲ್‌ಗಳು ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್ ಮುಂದೆ ಆನೆ ಗಾತ್ರ, ಹೋಗೋವಾಗ್ಲೂ ಬರೋವಾಗ್ಲೂ. ಹವಾಮಾನದ ಮಾದರಿ ಅಂದ್ರೇನೇ ಹಾಗೆ, ಪ್ರತಿ ಚೌಕದ ಉಷ್ಣತೆ, ಗಾಳಿ, ತೇವ ಎಲ್ಲಾ ಬರೆದು ವಾಪಸ್ ಕಳಿಸ್ಬೇಕು, ಉತ್ತರಾನೇ ದೊಡ್ಡದು. ಹಾಗಾಗಿ ಗ್ರಿಡ್‌ಗೆ ಸೇರಿದ ತಕ್ಷಣ "ಮೈ ಪ್ರಾಜೆಕ್ಟ್ಸ್" ಪುಟಕ್ಕೆ ಹೋಗಿ ಯಾವ್ಯಾವುದು ಟಿಕ್ ಆಗಿದೆ ನೋಡಿ. ಎಲ್ಲಾ ಟಿಕ್ ಬಿಟ್ಟು "ಈ ಗ್ರಿಡ್ ತುಂಬಾ ನೆಟ್ ತಿನ್ನತ್ತೆ" ಅಂತ ಅನ್ಇನ್‌ಸ್ಟಾಲ್ ಮಾಡಿದ ಗೆಳೆಯರಿದಾರೆ ನನಗೆ.

ಹವಾಮಾನದ್ದೇ ಮಾತು ಬಂದಿದ್ದಕ್ಕೆ, ಆಕ್ಸ್‌ಫರ್ಡ್‌ನವರ ಕ್ಲೈಮೇಟ್‌ಪ್ರಿಡಿಕ್ಷನ್ 2003ರಿಂದ ಇದೆ. ಟಾಸ್ಕ್ ಒಂದೊಂದೂ ದಿನಗಟ್ಲೆ ಓಡತ್ತೆ, ಮಧ್ಯ ಮಧ್ಯ ಜಿಪ್ ಫೈಲ್ ಕಳಿಸ್ತಾ ಇರತ್ತೆ, ಒಂದು ಟಾಸ್ಕ್ ಮುಗಿಯೋ ಹೊತ್ತಿಗೆ ಎಲ್ಲಾ ಸೇರಿ ನೂರಾರು ಎಂಬಿ ಆಗಬಹುದು. ಗಂಟೆಯ ಲೆಕ್ಕದಲ್ಲಿ ಹಂಚಿ ನೋಡಿದ್ರೆ ಅಷ್ಟೇನೂ ಭಯಂಕರ ಅಲ್ಲ, ಗಡುವೂ ಉದಾರವಾಗೇ ಕೊಡ್ತಾರೆ. ಒಂದೇ ಒಂದು ಟಾಸ್ಕ್ ಓಡೋ ಹಾಗೆ ಕಟ್ಟಿ ಹಾಕಿ, ಅಪ್‌ಲೋಡ್ ರಾತ್ರಿಗೆ ಬಿಟ್ರೆ 512ರ ಲೈನೂ ತಡ್ಕೊಳತ್ತೆ. ನಾಲ್ಕು ಕೋರಿಗೆ ನಾಲ್ಕು ಹಾಕಿದ್ರೆ ಮಾತ್ರ ಬೆಳಗಾದ್ರೂ ಮುಗಿಯಲ್ಲ.

ಐನ್‌ಸ್ಟೈನ್ ಅಟ್ ಹೋಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ಆಯ್ಕೆ ಒಳಗೊಂದು ಆಯ್ಕೆ ಇದೆ, ಜೊತೆಗೆ ನನಗೆ ಇದು ಮನೆ ಪಕ್ಕದ ವಿಷ್ಯ. 2005ರಲ್ಲಿ ಶುರುವಾಗಿದ್ದು, ಲಿಗೋ ಡಿಟೆಕ್ಟರ್‌ಗಳ ಡೇಟಾದಲ್ಲಿ ಗುರುತ್ವದ ಅಲೆ ಹುಡುಕೋದು, ಫೆರ್ಮಿ ಉಪಗ್ರಹದ ಗಾಮಾ ಕಿರಣದ ಡೇಟಾದಲ್ಲಿ, ರೇಡಿಯೋ ಟೆಲಿಸ್ಕೋಪ್ ಡೇಟಾದಲ್ಲಿ ಪಲ್ಸಾರ್ (ಗಿರಗಿರ ತಿರುಗ್ತಾ ಮಿಡಿಯೋ ಸತ್ತ ನಕ್ಷತ್ರ) ಹುಡುಕೋದು. 2010ರಲ್ಲಿ ಇದರಿಂದ ಮೊದಲ ಹೊಸ ಪಲ್ಸಾರ್ ಸಿಕ್ಕಿದ್ದು ಅಮೆರಿಕದ ಅಯೋವಾದ ಒಂದು ದಂಪತಿ ಮತ್ತೆ ಜರ್ಮನಿಯ ಮೈನ್ಸ್‌ನ ಒಬ್ಬರ ಕಂಪ್ಯೂಟರಲ್ಲಿ. ನಮ್ಮ ಹೆಸರಘಟ್ಟ ಹೋಬಳೀಲೇ ಐಸಿಟಿಎಸ್ ಅನ್ನೋ ಸೈದ್ಧಾಂತಿಕ ವಿಜ್ಞಾನದ ಸಂಶೋಧನಾ ಕೇಂದ್ರ ಇದೆ, ಅಲ್ಲಿನ ವಿಜ್ಞಾನಿಗಳು ಲಿಗೋ ಸಹಯೋಗದಲ್ಲಿ ಇದಾರೆ, ಮಹಾರಾಷ್ಟ್ರದ ಹಿಂಗೋಲಿಲಿ ಲಿಗೋ ಇಂಡಿಯಾ ಕಟ್ಟೋಕೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಬಸ್ಸಲ್ಲಿ ಆ ಗೇಟ್ ದಾಟ್ತಾ ಹೋಗೋವಾಗ ಮನೇಲಿ ನನ್ನ ಡೆಸ್ಕ್‌ಟಾಪ್ ಅಂಥದ್ದೇ ಹುಡುಕಾಟದಲ್ಲಿ ಒಂದು ಚೂರು ಹೊತ್ಕೊಂಡಿದೆ ಅಂತ ನೆನೆಸ್ಕೊಂಡ್ರೆ ಖುಷಿಯಾಗತ್ತೆ.

ನೆಟ್ ಲೆಕ್ಕಕ್ಕೆ ಬಂದ್ರೆ, ಗುರುತ್ವ ಅಲೆಯ ಟಾಸ್ಕ್ ಮೊದಲನೇ ದಿನ ಹೆದರಿಸತ್ತೆ, ದೊಡ್ಡ ದೊಡ್ಡ ಡೇಟಾ ಫೈಲುಗಳು ಸಾಲಾಗಿ ಇಳಿಯೋಕೆ ಶುರು ಆಗತ್ತೆ. ಆದ್ರೆ ಆ ಫೈಲ್‌ಗಳು ಒಂದೇ ಟಾಸ್ಕಿಗಲ್ಲ, ನಿಮ್ಮ ಹತ್ರ ಯಾವ ಫೈಲ್ ಇದೆ ಅಂತ ಸರ್ವರ್ ನೋಡಿ ಅದೇ ಫೈಲ್ ಮೇಲೆ ಮಾಡೋ ಟಾಸ್ಕ್‌ಗಳನ್ನೇ ಮುಂದೆ ಕಳಿಸೋಕೆ ನೋಡತ್ತೆ. ಅಂಗಡಿಯಿಂದ ಒಂದ್ಸಲ ಮೂಟೆ ಅಕ್ಕಿ ತಂದಿಟ್ಟು ತಿಂಗಳೆಲ್ಲ ಅಡುಗೆ ಮಾಡ್ದಂಗೆ. ಅದಕ್ಕೇ ಇದನ್ನ ಒಂದೆರಡು ದಿನ ಓಡಿಸಿ ತೆಗೆದು ಮತ್ತೆ ಮುಂದಿನ ವಾರ ಸೇರಿಸೋದು ಅತ್ಯಂತ ಕೆಟ್ಟ ಐಡಿಯಾ, ಸೇರಿದ್ರೆ ತಿಂಗಳುಗಟ್ಲೆ ಬಿಡಿ. ಇದಕ್ಕೆ ಉಲ್ಟಾ ರೇಡಿಯೋ ಪಲ್ಸಾರ್ ಟಾಸ್ಕ್, ಅಲ್ಲಿ ಪ್ರತಿ ಟಾಸ್ಕಿಗೂ ಟೆಲಿಸ್ಕೋಪಿನ ಹೊಸ ಡೇಟಾ ಬರ್ಬೇಕು. ಗಾಮಾ ಕಿರಣದ್ದು ಹಗುರ, ನಿಧಾನದ ಲೈನಿಗೆ ನಾನು ಹೇಳೋದು ಅದನ್ನೇ. ಅಕೌಂಟಿನ ಪ್ರಾಜೆಕ್ಟ್ ಪ್ರಿಫರೆನ್ಸಸ್ ಪುಟದಲ್ಲಿ ಯಾವ ಅಪ್ಲಿಕೇಷನ್ ಬೇಕು ಅಂತ ಟಿಕ್ ಮಾಡಬಹುದು. ಎಲ್ಲದರಲ್ಲೂ ಉತ್ತರ ಚಿಕ್ಕದೇ, ಅಪ್‌ಲೋಡ್ ತೊಂದರೆ ಇಲ್ಲ, ಗಡುವು ಸಾಮಾನ್ಯವಾಗಿ ಎರಡು ವಾರ ಇರೋದ್ರಿಂದ ಮೂರು ದಿನ ಲೈನ್ ಸತ್ರೂ ಗಾಬರಿ ಬೇಡ.

ರೊಸೆಟ್ಟಾ ಅಟ್ ಹೋಮ್ ನಡೆಸೋದು ವಾಷಿಂಗ್ಟನ್ ಯೂನಿವರ್ಸಿಟಿಯ ಡೇವಿಡ್ ಬೇಕರ್ ಅವರ ಲ್ಯಾಬು, 2024ರ ಕೆಮಿಸ್ಟ್ರಿ ನೊಬೆಲ್ ಹಂಚ್ಕೊಂಡೋರು. ಪ್ರೋಟೀನ್ ಹೇಗೆ ಮಡಚ್ಕೊಳತ್ತೆ, ಹೊಸ ಪ್ರೋಟೀನ್ ಹೇಗೆ ಕಟ್ಟಬಹುದು ಅನ್ನೋ ಕೆಲಸ. ಮೊದಲ ಸಲ ನೂರಾರು ಎಂಬಿಯ ಡೇಟಾಬೇಸ್ ಇಳಿಯತ್ತೆ, ಅದೊಂದು ಏಟು. ಆಮೇಲೆ ಇದರಲ್ಲಿ ನಮಗೇ ಅಂತ ಮಾಡಿದಂಗಿರೋ ಒಂದು ಸೌಲಭ್ಯ ಇದೆ, ಒಂದು ಟಾಸ್ಕ್ ಎಷ್ಟು ಹೊತ್ತು ಓಡ್ಬೇಕು ಅಂತ ನಾವೇ ಹೇಳಬಹುದು. ಮಾಮೂಲಿ 8 ಗಂಟೆ, ಅದನ್ನ 16 ಮಾಡಿದ್ರೆ ಅದೇ ಇನ್‌ಪುಟ್ ಇಟ್ಕೊಂಡು ಎರಡರಷ್ಟು ಮಾದರಿ ಮಾಡತ್ತೆ, ಡೌನ್‌ಲೋಡ್ ಅರ್ಧಕ್ಕಿಳಿಯತ್ತೆ. ಆದ್ರೆ ಗಡುವು ಮೂರೇ ದಿನ. ಕ್ಯೂನಲ್ಲಿ ಟಾಸ್ಕ್ ತುಂಬಿಸ್ಕೊಂಡು ಆಮೇಲೆ ಟೈಮ್ ಏರಿಸಿದ್ರೆ ಅಷ್ಟೂ ಗಡುವು ದಾಟತ್ತೆ, ಮೊದ್ಲು ಕ್ಯೂ ಚಿಕ್ಕದು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಕೆಲಸ ಯಾವಾಗ್ಲೂ ಸಿಗತ್ತೆ ಅಂತಲೂ ಇಲ್ಲ.

ಫೋಲ್ಡಿಂಗ್ ಅಟ್ ಹೋಮ್ ಹೆಸರು ಎಲ್ರಿಗೂ ಗೊತ್ತು, 2000ದ ಅಕ್ಟೋಬರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಗಿದ್ದು, 2020ರಲ್ಲಿ ಕೊರೋನಾ ಬಂದಾಗ ಜನ ಮುಗಿಬಿದ್ದು ಸೇರಿ ಎಕ್ಸಾಫ್ಲಾಪ್ (ಸೆಕೆಂಡಿಗೆ ಹತ್ತು ಸಾವಿರ ಕೋಟಿ ಕೋಟಿ ಲೆಕ್ಕ) ದಾಟಿಸಿದ್ರು. ಅದು ಬೋಯಿಂಕ್ ಮೇಲೆ ಓಡಲ್ಲ, ಅದರದ್ದೇ ಸಾಫ್ಟ್‌ವೇರು. ನಮ್ಮ ತರ ಲೈನಿಗೆ ಇಲ್ಲಿ ಎರಡು ತೊಡಕು. ಪ್ರೋಟೀನಿನ ಒಂದೊಂದು ಪರಮಾಣು ಹೇಗೆ ಅಲ್ಲಾಡ್ತು ಅನ್ನೋ ದಾಖಲೆ ವಾಪಸ್ ಕಳಿಸ್ಬೇಕಾಗಿರೋದ್ರಿಂದ ಅಪ್‌ಲೋಡ್ ಹತ್ತಾರು ಎಂಬಿ, ಕೆಲವು ಸಲ ಅದಕ್ಕೂ ಜಾಸ್ತಿ. ಎರಡನೇದು, ಬೇಗ ವಾಪಸ್ ಮಾಡಿದೋರಿಗೆ ಬೋನಸ್ ಪಾಯಿಂಟ್ ಕೊಡ್ತಾರೆ, ಆ ಗಡಿಯಾರ ಟಾಸ್ಕ್ ಕೊಟ್ಟಾಗ ಶುರುವಾಗಿ ಉತ್ತರ ಅವರ ಕೈಗೆ ಸೇರಿದಾಗ ನಿಲ್ಲತ್ತೆ, ಅಂದ್ರೆ ಅಪ್‌ಲೋಡ್ ಆಗ್ತಿರೋ ಹೊತ್ತೂ ಲೆಕ್ಕಕ್ಕೇ ಬರತ್ತೆ. ಇದು ಬರೀ ಪಾಯಿಂಟ್ ವಿಷ್ಯ ಅಲ್ಲ, ಒಂದು ಟಾಸ್ಕಿನ ಉತ್ತರದಿಂದಾನೇ ಮುಂದಿನ ಟಾಸ್ಕ್ ಹುಟ್ಟೋದು, ಸರಪಳಿ ತರ, ನಾವು ತಡ ಮಾಡಿದ್ರೆ ಆ ಸರಪಳಿ ನಮ್ಮಲ್ಲೇ ನಿಂತಿರತ್ತೆ. ಹಾಗಂತ ಬೇಡ ಅನ್ನಲ್ಲ. ಬರೀ ಸಿಪಿಯುನಲ್ಲಿ ಓಡಿಸೋರು ದಿನಕ್ಕೆ ಮುಗಿಸೋ ಟಾಸ್ಕ್ ಕಮ್ಮಿ, ಅವರಿಗೆ ಇದು ಆರಾಮಾಗಿ ಆಗತ್ತೆ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇದ್ದು ಲೈನ್ ಮಾತ್ರ ನಮ್ಮ ತರ ಇದ್ರೆ ಕಷ್ಟ, ಕಾರ್ಡ್ ಬೇಗ ಬೇಗ ಮುಗಿಸಿದಷ್ಟೂ ಲೈನ್ ಮೇಲೆ ಹೊರೆ. ಗ್ರಾಫಿಕ್ಸ್ ಕಾರ್ಡ್ ಹೊಸದು ತಗೊಂಡೋರು ಇದನ್ನ ಯೋಚನೆ ಮಾಡಿರಲ್ಲ.

ಎಲ್‌ಎಚ್‌ಸಿ ಅಟ್ ಹೋಮ್ ಬಗ್ಗೆ ಒಂದೇ ಮಾತು: ಸರ್ನ್ (ಜಿನೀವಾದ ಕಣ ಭೌತಶಾಸ್ತ್ರದ ಪ್ರಯೋಗಾಲಯ) ಹೆಸರು ನೋಡಿ ಹಾರ್ಬೇಡಿ. ಅಟ್ಲಾಸ್ ತರದ ಟಾಸ್ಕ್‌ಗಳು ವರ್ಚುವಲ್ ಮೆಷಿನ್ (ನಮ್ಮ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಒಳಗೆ ಓಡೋದು, ಆ ಮೆಷಿನ್ನಿನ ಇಮೇಜೇ ಜಿಬಿಗಳಲ್ಲಿ, ಮೇಲೆ ಟಾಸ್ಕಿನ ಡೇಟಾ ನೂರಾರು ಎಂಬಿ, ಕೆಲವಕ್ಕೆ ಓಡ್ತಾ ಇರೋವಾಗ್ಲೂ ನೆಟ್ ಬೇಕು. ಫೈಬರ್ ಬಂದ ಮೇಲೆ ನೋಡೋಣ.

ಇನ್ನು ಗಣಿತ. ಜಿಂಪ್ಸ್ ಅಂತ, 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಮೆರ್ಸೆನ್ ಅವಿಭಾಜ್ಯ ಸಂಖ್ಯೆ ಹುಡುಕಾಟ. 2024ರ ಅಕ್ಟೋಬರಲ್ಲಿ ಲ್ಯೂಕ್ ಡ್ಯುರಾಂಟ್ ಅವರಿಗೆ ಸಿಕ್ಕಿದ ಸಂಖ್ಯೆ, 13,62,79,841 ಎರಡುಗಳನ್ನ ಒಂದಕ್ಕೊಂದು ಗುಣಿಸಿ ಒಂದು ಕಳೆದ್ರೆ ಬರೋದು, 4,10,24,320 ಅಂಕಿ ಉದ್ದ. ಇದಕ್ಕೆ ಬೇಕಾದ ಪ್ರೈಮ್95 ಅನ್ನೋ ಸಾಫ್ಟ್‌ವೇರ್ ಇಳಿಸ್ಕೊಂಡ್ರೆ ಸರ್ವರ್ ಕಡೆಯಿಂದ ಬರೋದು ಒಂದು ನಂಬರ್ ಅಷ್ಟೇ, "ಇದನ್ನ ಪರೀಕ್ಷೆ ಮಾಡು" ಅಂತ. ನನ್ನ ಮೆಷಿನ್‌ನಲ್ಲಿ ಎರಡು ವಾರ ಹಿಡಿಯತ್ತೆ ಒಂದಕ್ಕೆ. ಮೊದಲೆಲ್ಲ ಉತ್ತರಾನೂ ಒಂದು ಸಾಲೇ, ಈಗ ಲೆಕ್ಕ ಸರಿಯಾಗಿದೆ ಅಂತ ತೋರಿಸೋ ಪ್ರೂಫ್ ಫೈಲ್ ಕಳಿಸ್ಬೇಕು, ಅದಿರೋದ್ರಿಂದ ಇನ್ನೊಬ್ರು ಕೂತು ಮತ್ತೆ ಎರಡು ವಾರ ಅದೇ ಪರೀಕ್ಷೆ ಮಾಡೋದು ತಪ್ಪತ್ತೆ. ಹನ್ನೆರಡು ಕೋಟಿ ಆಸುಪಾಸಿನ ಘಾತಕ್ಕೆ ಆ ಫೈಲ್ ಸುಮಾರು 135 ಎಂಬಿ. ಕೇಳಿದ್ರೆ ಜಾಸ್ತಿ ಅನ್ಸತ್ತೆ, ಎರಡು ವಾರಕ್ಕೊಂದು ಅಂತ ನೋಡಿ, ದಿನಕ್ಕೆ ಹತ್ತು ಎಂಬಿನೂ ಇಲ್ಲ. ಅದರಲ್ಲೇ ಅಪ್‌ಲೋಡ್ ಮಿತಿ ಮತ್ತೆ ಟೈಮ್ ಎರಡೂ ಹಾಕೋ ಜಾಗ ಇದೆ, ನಾನು 0.2 ಎಂಬಿಪಿಎಸ್ ಹಾಕಿ ರಾತ್ರಿ ಒಂದರಿಂದ ಐದು ಅಂತ ಇಟ್ಟಿದೀನಿ, ಒಂದೂವರೆ ಗಂಟೇಲಿ ಹೋಗತ್ತೆ. ಅದೂ ಬೇಡ ಅನ್ನೋರು ಅಪವರ್ತನ ಹುಡುಕೋ ಕೆಲಸ ಕೇಳಿ ತಗೋಬಹುದು, ಅಲ್ಲಿ ಪ್ರೂಫ್ ಫೈಲೇ ಇಲ್ಲ. ಒಂದು ಎಚ್ಚರಿಕೆ, ಪ್ರೈಮ್95 ಸಿಪಿಯುನ ಚೆನ್ನಾಗಿ ಕಾಯಿಸತ್ತೆ, ಏಪ್ರಿಲಲ್ಲಿ ಲ್ಯಾಪ್‌ಟಾಪ್ ಮೇಲೆ ಹಾಕ್ಬೇಡಿ, ಡೆಸ್ಕ್‌ಟಾಪ್ ಫ್ಯಾನಿನ ಧೂಳು ತೆಗೆದು ಹಾಕಿ.

ಸರಿ, ಪ್ರಾಜೆಕ್ಟ್ ಆಯ್ತು, ಈಗ ಯಾವಾಗ ಕಳಿಸೋದು ಅನ್ನೋದರಲ್ಲೂ ಎರಡು ದಾರಿ ಇದೆ. ದಿನಪೂರ್ತಿ ಸಣ್ಣಗೆ ಬಿಡೋದು, ಅಥವಾ ರಾತ್ರಿ ಮಾತ್ರ ಬಿಡೋದು. ಬೋಯಿಂಕ್‌ನಲ್ಲಿ ಕಂಪ್ಯೂಟಿಂಗ್ ಪ್ರಿಫರೆನ್ಸಸ್ ತೆಗೆದ್ರೆ ನೆಟ್‌ವರ್ಕ್ ಅಂತ ಟ್ಯಾಬ್ ಇದೆ, ಅಲ್ಲಿ ಡೌನ್‌ಲೋಡಿಗೆ ಬೇರೆ, ಅಪ್‌ಲೋಡಿಗೆ ಬೇರೆ ಮಿತಿ, ಸೆಕೆಂಡಿಗೆ ಎಷ್ಟು ಕೆಬಿ ಅಂತ (ಇಲ್ಲೂ ಬೈಟ್ ಲೆಕ್ಕ, ನಿಮ್ಮ ಪ್ಲಾನಿನ ನಂಬರ್ ತಂದು ಹಾಗೇ ಹಾಕಿದ್ರೆ ಮಿತಿ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ), ಇಷ್ಟು ದಿನಕ್ಕೆ ಇಷ್ಟೇ ಎಂಬಿ ಅಂತ ಒಟ್ಟು ಮಿತೀನೂ ಹಾಕಬಹುದು. ಡೈಲಿ ಶೆಡ್ಯೂಲ್ಸ್‌ನಲ್ಲಿ ಲೆಕ್ಕ ಯಾವಾಗ, ಫೈಲ್ ಕಳಿಸೋದು ಯಾವಾಗ ಅಂತ ಬೇರೆ ಬೇರೆ ಟೈಮ್ ಕೊಡಬಹುದು. ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್, ಗಾಮಾ ಕಿರಣದ ಟಾಸ್ಕ್ ಇಂಥದ್ದಕ್ಕೆ ದಿನಪೂರ್ತಿ ಬಿಟ್ಟು ಅಪ್‌ಲೋಡಿಗೆ ಲೈನಿನ ಮೂರನೇ ಎರಡು ಭಾಗ ಮಿತಿ ಹಾಕಿದ್ರೆ ಸಾಕು. ದೊಡ್ಡ ಫೈಲಿನ ಪ್ರಾಜೆಕ್ಟಿಗೆ ಮಾತ್ರ ರಾತ್ರಿ ಕಿಟಕಿ ಮಾಡಿ, ಮಾಡೋದಾದ್ರೆ ಸ್ಟೋರ್ ಅಟ್ ಲೀಸ್ಟ್ ಅನ್ನೋ ಕಡೆ ಒಂದು ದಿನದ ಕೆಲಸ ಇಟ್ಕೊಳ್ಳಿ, ಇಲ್ಲಾಂದ್ರೆ ಮಧ್ಯಾಹ್ನಕ್ಕೆ ಕೆಲಸ ಖಾಲಿಯಾಗಿ ರಾತ್ರೀವರೆಗೂ ಸುಮ್ನೆ ಕೂತಿರತ್ತೆ. ಒಂದಕ್ಕಿಂತ ಜಾಸ್ತಿ ದಿನ ತುಂಬಿಸ್ಕೊಳ್ಳೋದು ರೊಸೆಟ್ಟಾಗಂತೂ ಬೇಡವೇ ಬೇಡ.

ಫೈಲ್ ಅರ್ಧಕ್ಕೆ ಹೋಗಿ ಲೈನ್ ಕಟ್ ಆದ್ರೆ ಏನ್ ಗತಿ ಅಂತ ಕೇಳ್ತಾರೆ. ಬೋಯಿಂಕ್ ನಿಂತಲ್ಲಿಂದಾನೇ ಮುಂದುವರಿಸತ್ತೆ, ಮೊದಲಿಂದ ಕಳಿಸಲ್ಲ, ಫೇಲ್ ಆದಷ್ಟೂ ಕಾಯೋ ಹೊತ್ತು ಉದ್ದ ಮಾಡ್ಕೊಂಡು ಮತ್ತೆ ಮತ್ತೆ ತಾನೇ ಪ್ರಯತ್ನ ಮಾಡತ್ತೆ. ಅಪ್‌ಲೋಡ್ ಕ್ಯೂ ನಿಮ್ಮ ಕೋರ್‌ಗಳ ಎರಡರಷ್ಟಕ್ಕಿಂತ ಜಾಸ್ತಿ ಆದ್ರೆ ಆ ಪ್ರಾಜೆಕ್ಟಿಂದ ಹೊಸ ಕೆಲಸ ಕೇಳೋದನ್ನೇ ನಿಲ್ಲಿಸತ್ತೆ. ಈವೆಂಟ್ ಲಾಗ್‌ನಲ್ಲಿ ಆ ಥರ ಮೆಸೇಜ್ ದಿನಾ ಬರ್ತಿದ್ರೆ ಆ ಪ್ರಾಜೆಕ್ಟ್ ನಿಮ್ಮ ಲೈನಿಗೆ ಭಾರ ಆಗಿದೆ ಅಂತ ಅರ್ಥ, ಬೇರೆ ಪರೀಕ್ಷೆ ಏನೂ ಬೇಡ. ಮೇ ತಿಂಗಳ ಸಂಜೆ ಗಾಳಿ ಮಳೆಗೆ ಕೊಂಬೆ ಬಿದ್ದು ಕರೆಂಟು, ಕೇಬಲ್ಲು ಎರಡೂ ಒಟ್ಟಿಗೆ ಹೋಗೋದು ನಮ್ಮ ಕಡೆ ಮಾಮೂಲಿ, ಆಗ್ಲೂ ಕಳ್ಕೊಳ್ಳೋದು ಕೊನೇ ಚೆಕ್‌ಪಾಯಿಂಟಿಂದ (ಅಲ್ಲೀವರೆಗಿನ ಲೆಕ್ಕ ಡಿಸ್ಕಲ್ಲಿ ಉಳಿಸಿಟ್ಟ ಜಾಗ) ಈಚೆಗೆ ಮಾಡಿದ ಲೆಕ್ಕ ಮಾತ್ರ.

ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಮಾಡಬಹುದಾ ಅಂದ್ರೆ, ಹೂಂ, ಚಿಕ್ಕ ಟಾಸ್ಕಿನ ಪ್ರಾಜೆಕ್ಟ್ ಆದ್ರೆ. ದಿನದ ಡೇಟಾ ಮುಗಿದು 64 ಕೆಬಿಪಿಎಸ್‌ಗೆ ಇಳಿದ್ರೂ ಸೆಕೆಂಡಿಗೆ 8 ಕೆಬಿ ಹೋಗತ್ತೆ, ಒಂದು ಎಂಬಿಗೆ ಎರಡು ನಿಮಿಷ ಚಿಲ್ಲರೆ, ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್ ಅದರಲ್ಲೂ ಓಡತ್ತೆ, ಮಾಡಿ ನೋಡಿದೀನಿ. ಮೂಲೇಲಿ ಬಿದ್ದಿರೋ ಹಳೇ ಆಂಡ್ರಾಯ್ಡ್ ಫೋನಲ್ಲೂ ಬೋಯಿಂಕ್ ಹಾಕಬಹುದು, ಚಾರ್ಜಿಗಿಟ್ಟಾಗ, ವೈಫೈ ಇದ್ದಾಗ ಮಾತ್ರ ಕೆಲಸ ಮಾಡೋ ಹಾಗೆ ಅದು ತಾನಾಗೇ ಸೆಟ್ ಆಗಿರತ್ತೆ.

ಕರೆಂಟ್ ಬಿಲ್ ಮಾತ್ರ ಮನೆಯೋರ ಜೊತೆ ಕೂತು ನೋಡ್ಬೇಕಾದ್ದು. ಗೃಹಜ್ಯೋತಿ ಇರೋ ಮನೆಗಳಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು, ದಾಟಿದ್ದಕ್ಕೆ ಮಾತ್ರ ಅಲ್ಲ. 110 ವ್ಯಾಟ್ ಎಳೆಯೋ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದ್ರೆ ತಿಂಗಳಿಗೆ 79 ಯೂನಿಟ್. ನಮ್ಮನೇಲಿ ಮಾಮೂಲಿ 115 ಬರತ್ತೆ, ಎರಡೂ ಸೇರಿದ್ರೆ 194, ಗೀಸರ್ ನಾಲ್ಕು ದಿನ ಜಾಸ್ತಿ ಹಾಕಿದ್ರೆ ಗಡಿ ದಾಟತ್ತೆ, ದಾಟದಿದ್ರೂ ನಮ್ಮ ಹಳೇ ಸರಾಸರಿಗೆ ಸಿಗೋ ಉಚಿತ ಯೂನಿಟ್ ಮೀರಿದ್ದಕ್ಕೆ ದುಡ್ಡು ಕಟ್ಟಲೇಬೇಕು. ಅದಕ್ಕೇ ನಾನು ಎಂಟು ಗಂಟೆ ಮಾತ್ರ ಓಡಿಸ್ತೀನಿ, 26 ಯೂನಿಟ್ಟು, ಅಮ್ಮನಿಗೂ ಒಪ್ಪಿಗೆ. ಲ್ಯಾಪ್‌ಟಾಪ್ 40 ವ್ಯಾಟಿಂದು ಇದ್ರೆ ಇಡೀ ತಿಂಗಳಿಗೆ 29ರ ಒಳಗೆ.

ಸದ್ಯ ನನ್ನ ಡೆಸ್ಕ್‌ಟಾಪಲ್ಲಿ ಮುಖ್ಯವಾಗಿ ಓಡ್ತಿರೋದು ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್. ಐನ್‌ಸ್ಟೈನ್‌ನ ರಿಸೋರ್ಸ್ ಶೇರ್ ಸೊನ್ನೆ ಮಾಡಿ ಇಟ್ಟಿದೀನಿ, ಸೊನ್ನೆ ಅಂದ್ರೆ ಬಂದ್ ಅಂತಲ್ಲ, ಬೇರೆ ಕಡೆ ಕೆಲಸ ಸಿಗದೇ ಇದ್ದಾಗ ಮಾತ್ರ ಅಲ್ಲಿಂದ ತಗೊಳತ್ತೆ. ಪ್ರೈಮ್95 ಚಳಿಗಾಲದಲ್ಲಿ ಮಾತ್ರ, ಡಿಸೆಂಬರ್ ಜನವರಿ, ಆ ಎರಡು ತಿಂಗಳು ಬೋಯಿಂಕ್ ನಿಲ್ಲಿಸಿ ಹಗಲೂ ರಾತ್ರಿ ಅದೊಂದನ್ನೇ ಬಿಡ್ತೀನಿ, ಎಂಟೇ ಗಂಟೆ ಬಿಟ್ರೆ ಒಂದು ಸಂಖ್ಯೆಗೆ ಒಂದೂವರೆ ತಿಂಗಳು ಬೇಕು, ಆ ಬಿಲ್ ನನ್ನ ಕೈಯಿಂದ. ಹೊಸಬರು ಶುರು ಮಾಡೋವಾಗ ಮೊದಲ ಇನ್‌ಸ್ಟಾಲ್ ಮತ್ತೆ ಆ ಮೊದಲ ದೊಡ್ಡ ಡೌನ್‌ಲೋಡನ್ನ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿ ಫೈಬರ್ ಇರೋ ಅಣ್ಣನ ಮನೇಲೋ ಗೆಳೆಯರ ಮನೇಲೋ ಕೇಳಿ ಮುಗಿಸ್ಕೊಂಡ್ಬನ್ನಿ, ಆಫೀಸ್ ನೆಟ್ಟಲ್ಲಿ ಕೇಳದೇ ಮಾಡ್ಬೇಡಿ.

ಇನ್ನೊಂದು, ಹಾಕಿದ ಪ್ರಾಜೆಕ್ಟ್ ಲೈನಿಗೆ ಆಗ್ತಿಲ್ಲ ಅನ್ಸಿದ್ರೆ ಸಿಟ್ಟಲ್ಲಿ ತಕ್ಷಣ ಡಿಲೀಟ್ ಮಾಡ್ಬೇಡಿ. ನೀವು ಇಟ್ಕೊಂಡಿರೋ ಟಾಸ್ಕ್ ಗಡುವು ಮುಗಿಯೋವರೆಗೂ ಸರ್ವರ್ ಕಾಯ್ತಾ ಕೂರತ್ತೆ, ಅದೇ ಟಾಸ್ಕ್ ಮಾಡಿ ಮುಗಿಸಿ ಹೋಲಿಸೋಕೆ ನಿಮ್ಮ ಉತ್ತರಕ್ಕೆ ಕಾಯ್ತಿರೋರೂ ಇರ್ತಾರೆ. ಮೊದ್ಲು ನೋ ನ್ಯೂ ಟಾಸ್ಕ್ಸ್ ಒತ್ತಿ, ಇರೋದು ಮುಗೀಲಿ, ಮುಗಿಸೋಕಾಗಲ್ಲ ಅಂದ್ರೆ ಅಬಾರ್ಟ್ ಒತ್ತಿ ಒಂದ್ಸಲ ಅಪ್‌ಡೇಟ್ ಕೊಡಿ, ಅದು ಸರ್ವರಿಗೆ ತಿಳಿದು ಬೇರೆಯವರಿಗೆ ಹೋಗತ್ತೆ. ಟ್ರಾನ್ಸ್‌ಫರ್ಸ್ ಟ್ಯಾಬ್ ಖಾಲಿ ಆದ ಮೇಲೆ ರಿಮೂವ್ ಮಾಡಿ.